ಕಾವಲು ಯಾವುದು, ಗೂಢಚರ್ಯೆ ಯಾವುದು?



ಎರಡು ವರ್ಷಗಳ ಹಿಂದಿನ ಮಾತು. ಇಶಾ ನಮಾಝ್ ಮುಗಿದು ಜನರು ಮಸೀದಿಯಿಂದ ಹೊರಟ ಮೇಲೆ ಇಳಕಲ್ಲಿನ ಒಬ್ಬ ನೇಕಾರ ಸಹೋದರರು ನನ್ನ ಬಳಿ ಬಂದು ಕುಳಿತರು. ಅವರ ಮಗ ಆಗ ಒಂಬತ್ತನೇ ತರಗತಿಯಲ್ಲಿದ್ದ. ನನ್ನ ಮಕ್ತಬಿನ ವಿದ್ಯಾರ್ಥಿಯೂ ಹೌದು. ರಾತ್ರಿ ಒಂದು ಗಂಟೆಯವರೆಗೂ ಹೊದಿಕೆಯೊಳಗೆ ಮೊಬೈಲಿನ ಬೆಳಕು ಕಾಣುತ್ತದೆ, ಫಜ್ರ್‌ಗೆ ಎಬ್ಬಿಸಿದರೆ ಏಳುವುದಿಲ್ಲ, ಕೇಳಿದರೆ ಉತ್ತರವಿಲ್ಲ ಎಂದು ಅವರು ಅಳಲು ತೋಡಿಕೊಂಡರು. ಬಳಿಕ ಧ್ವನಿ ತಗ್ಗಿಸಿ ಹೇಳಿದರು:

“ಹಜರತ್, ನೀವು ಓದಿದವರು. ಒಂದು ಆ್ಯಪ್ ಇದೆಯಂತೆ. ಅವನು ಏನು ನೋಡುತ್ತಾನೆ, ಯಾರಿಗೆ ಏನು ಬರೆಯುತ್ತಾನೆ, ಎಲ್ಲವೂ ನನ್ನ ಮೊಬೈಲಿಗೆ ಬರುತ್ತದಂತೆ. ಅವನಿಗೆ ಗೊತ್ತಾಗದ ಹಾಗೆ ಹಾಕಿಕೊಡಿ.”

ನಾನು ಹಾಕಿಕೊಟ್ಟೆ. ಒಬ್ಬ ತಂದೆಗೆ ನೆರವಾದೆನೆಂಬ ಸಮಾಧಾನದಿಂದಲೇ ಹಾಕಿಕೊಟ್ಟೆ. ಮಾತ್ರವಲ್ಲ, ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಸಂದೇಶಗಳನ್ನು ಓದಲು ಅವರಿಗೆ ಬರುತ್ತಿರಲಿಲ್ಲವಾದ್ದರಿಂದ ಓದಿ ಹೇಳುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಸುಮಾರು ಇಪ್ಪತ್ತು ದಿನ ಹೀಗೆ ನಡೆಯಿತು. ನಾವು ಹೆದರಿದ್ದಂತಹ ಅಶ್ಲೀಲವೇನೂ ಅಲ್ಲಿರಲಿಲ್ಲ. ಆಟಗಳಿದ್ದವು, ಹೊತ್ತು ಕೊಲ್ಲುವ ತುಣುಕು ವಿಡಿಯೋಗಳಿದ್ದವು. ಆದರೆ ಒಂದು ರಾತ್ರಿ ಆತ ತನ್ನ ಗೆಳೆಯನಿಗೆ ಬರೆದ ನಾಲ್ಕು ಸಾಲು ಸಿಕ್ಕಿತು. ಅಬ್ಬಾನಿಗೆ ಸಾಲ ಬಹಳವಾಗಿದೆ, ಹತ್ತನೇ ತರಗತಿಗೆ ಹೋಗದೆ ಗ್ರಾನೈಟ್ ಕೆಲಸಕ್ಕೆ ಸೇರಿಬಿಡುತ್ತೇನೆ, ಮನೆಯಲ್ಲಿ ಹೇಳಲು ಧೈರ್ಯವಿಲ್ಲ ಎಂದು ಅದರಲ್ಲಿತ್ತು. ನಾನು ಓದಿ ಹೇಳಿದೆ. ತಂದೆಯ ಕಣ್ಣಲ್ಲಿ ನೀರು ಬಂತು. ಮರುದಿನ ಅವರು ತಡೆಯಲಾರದೆ ಮಗನೆದುರು ಆ ಮಾತೆತ್ತಿದರು. ಹುಡುಗನಿಗೆ ಎಲ್ಲವೂ ತಿಳಿದುಹೋಯಿತು.

ಆತ ಕೂಗಾಡಲಿಲ್ಲ. ಮಕ್ತಬ್ ಬಿಟ್ಟ ಮೇಲೆ ಒಬ್ಬನೇ ಉಳಿದು ನನ್ನನ್ನು ಕೇಳಿದ: “ಹಜರತ್, ಅಲ್ಲಾಹನು ನೋಡುತ್ತಿದ್ದಾನೆ ಎಂದು ನಮಗೆ ಕಲಿಸಿದವರು ನೀವು. ಹಾಗಿದ್ದ ಮೇಲೆ ನೀವೇಕೆ ಕದ್ದು ನೋಡಿದಿರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡೇ ತಿರುಗಿದ್ದೇನೆ. ಇಂದು ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಬಾಗಲಕೋಟೆಯ ನವನಗರದಲ್ಲಿ ಸರಕಾರಿ ನೌಕರರಾದ ತಂದೆ ಇದನ್ನೇ ಕೇಳುತ್ತಾರೆ. ಹುನಗುಂದದ ಅಂಗಡಿಕಾರರೂ ಇದನ್ನೇ ಕೇಳುತ್ತಾರೆ. ಬಾದಾಮಿಯಲ್ಲಿ ಹಣ್ಣು ಮಾರುವ ತಾಯಿಯೊಬ್ಬರು, ಮೂರು ವರ್ಷದ ಕೂಸು ಅಳದಿರಲೆಂದು ಕೈಗೆ ಮೊಬೈಲ್ ಕೊಟ್ಟು, ಈಗ ಕಸಿದುಕೊಂಡರೆ ಊಟವನ್ನೇ ಬಿಡುತ್ತದೆಂದು ಕಣ್ಣೀರಿಟ್ಟಿದ್ದನ್ನು ನಾನು ಕೇಳಿದ್ದೇನೆ.

ಮೊದಲು ಮಕ್ಕಳಿಗೆ ನ್ಯಾಯ ಸಲ್ಲಿಸೋಣ. ಮೊಬೈಲನ್ನು ಅವರು ಕದ್ದು ತಂದವರಲ್ಲ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿಗೆ ಬಂತು. ಸರಕಾರವು ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಬಿತ್ತರಿಸಿತು, ಊರಿನ ಕಟ್ಟೆ-ಜಗಲಿಗಳಲ್ಲಿ ‘ವಿದ್ಯಾಗಮ’ವನ್ನೂ ನಡೆಸಿತು. ಆದರೂ ಮೊಬೈಲ್ ಇಲ್ಲದ ಮಗು ಹಿಂದುಳಿಯುತ್ತದೆಂಬ ಭಯ ಎಲ್ಲ ಮನೆಗಳನ್ನೂ ಹೊಕ್ಕಿತು. ನಾನು ಹೇಳಿದ ಆ ನೇಕಾರರು ಮಗ್ಗ ನಿಂತಿದ್ದ ದಿನಗಳಲ್ಲಿ, ಹಿರಿಯ ಮಗಳ ಹತ್ತನೇ ತರಗತಿಯ ಪಾಠಕ್ಕಾಗಿ ಸಾಲ ಮಾಡಿಯೇ ಅದನ್ನು ಕೊಂಡಿದ್ದರು. ಶಾಲೆ ತೆರೆಯಿತು, ಮಗಳ ಓದು ಮುಗಿಯಿತು, ಮೊಬೈಲ್ ತಮ್ಮನ ಕೈಗೆ ಬಂತು. ಸಾಲವೂ ಉಳಿಯಿತು, ಮೊಬೈಲೂ ಉಳಿಯಿತು.

ಇಂದು ಇದು ಹಳ್ಳಿ ಪಟ್ಟಣಗಳ ಭೇದವಿಲ್ಲದ ವಿಷಯ. ಪ್ರಥಮ್ ಸಂಸ್ಥೆಯು ಗ್ರಾಮೀಣ ಭಾರತದಲ್ಲಿ ನಡೆಸಿದ ‘ಅಸರ್ 2024’ ಸಮೀಕ್ಷೆಯಂತೆ, 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಅದನ್ನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ಓದಿಗೆಂದು ಬಂದ ವಸ್ತು ಓದನ್ನು ಹಿಂದಿಕ್ಕಿದೆ ಎಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಹೆತ್ತವರು ಸುಮ್ಮನಿರಬೇಕೇ? ಖಂಡಿತ ಅಲ್ಲ. ಪ್ರತಿಯೊಬ್ಬನೂ ಒಬ್ಬ ಕುರಿಗಾಹಿ, ತನ್ನ ಮಂದೆಯ ಬಗ್ಗೆ ಆತನನ್ನು ಪ್ರಶ್ನಿಸಲಾಗುವುದು ಎಂಬ ಅರ್ಥದ ಪ್ರವಾದಿವಚನವನ್ನು ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ವರದಿ ಮಾಡಿದ್ದಾರೆ. ತಮ್ಮನ್ನೂ ತಮ್ಮ ಮನೆಮಂದಿಯನ್ನೂ ನರಕಾಗ್ನಿಯಿಂದ ಕಾಪಾಡಿಕೊಳ್ಳುವಂತೆ ಪವಿತ್ರ ಕುರ್‌ಆನಿನ ಅತ್ತಹ್ರೀಮ್ ಅಧ್ಯಾಯವು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಮಗುವಿನ ಕೈಯಲ್ಲಿರುವ ಆ ಪುಟ್ಟ ಪೆಟ್ಟಿಗೆಯಲ್ಲಿ ನಗ್ನತೆಯಿದೆ, ಜೂಜಿದೆ, ಗುರುತಿಲ್ಲದವರ ಸಿಹಿಮಾತಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತೆಂದರೆ ಅಪಾಯವೆಷ್ಟೆಂದು ನೀವೇ ಊಹಿಸಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯು ಮೊಬೈಲ್-ಇಂಟರ್‌ನೆಟ್ ಗೀಳಿಗೆ ಸಿಲುಕಿದವರಿಗಾಗಿ 2014ರಲ್ಲೇ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಎರಡು ವರ್ಷ ತುಂಬುವ ತನಕ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಇರಬೇಕು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಸಲಹೆ ನೀಡಿದೆ. ಇದನ್ನೆಲ್ಲ ಅರಿತೂ ಕಣ್ಣು ಮುಚ್ಚಿಕೊಂಡಿರುವ ತಂದೆ ಕುರಿಗಾಹಿಯಲ್ಲ. ಮಂದೆಯನ್ನು ಬಯಲಲ್ಲಿ ಬಿಟ್ಟು ಮಲಗಿದವನು.

ಆದುದರಿಂದ ಕಾವಲು ಬೇಕು. ಪ್ರಶ್ನೆಯಿರುವುದು ಎಂತಹ ಕಾವಲು ಎಂಬಲ್ಲಿ.

ಅದೇ ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯವು ಪರರ ಬಗ್ಗೆ ದುರ್ಭಾವನೆ ಪಡುವುದನ್ನೂ ಅವರ ಗುಟ್ಟನ್ನು ಕೆದಕುವುದನ್ನೂ ಪರನಿಂದೆಯನ್ನೂ ಒಂದೇ ಸೂಕ್ತದಲ್ಲಿ ನಿಷೇಧಿಸುತ್ತದೆ. ಈ ಮೂರೂ ಒಂದರ ಬೆನ್ನಿಗೆ ಒಂದು ಬಂದಿರುವುದನ್ನು ಗಮನಿಸಿರಿ. ಸಂಶಯ ಕದ್ದು ನೋಡಲು ಪ್ರೇರೇಪಿಸುತ್ತದೆ. ಕದ್ದು ನೋಡಿದ್ದು ಬಾಯಿಗೆ ಬಂದೇ ಬರುತ್ತದೆ. ಇಳಕಲ್ಲಿನ ಆ ಮನೆಯಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ.

ಹ. ಉಮರ್(ರ)ರ ಒಂದು ಘಟನೆಯನ್ನು ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಉಲ್ಲೇಖಿಸಿದ್ದಾರೆ. ಖಲೀಫರು ರಾತ್ರಿ ಮದೀನಾದ ಬೀದಿಗಳಲ್ಲಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯಿಂದ ಹಾಡು ಕೇಳಿಸಿತು. ಗೋಡೆ ಹತ್ತಿ ಒಳಗಿಳಿದರು. ನೋಡಿದರೆ ಮನೆಯಾತನ ಮುಂದೆ ಮದ್ಯವಿತ್ತು. ಅವರು ಗದರಿಸಿದಾಗ ಆತ ಅಂಜದೆ ಹೇಳಿದ: ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು. ಗುಟ್ಟು ಕೆದಕಬೇಡಿರೆಂದು ಅಲ್ಲಾಹನು ಹೇಳಿದ್ದಾನೆ, ತಾವು ಕೆದಕಿದಿರಿ. ಮನೆಗಳಿಗೆ ಬಾಗಿಲಿನಿಂದ ಬರಬೇಕೆಂದು ಹೇಳಿದ್ದಾನೆ, ತಾವು ಗೋಡೆ ಹತ್ತಿದಿರಿ. ಅನುಮತಿ ಕೇಳಿ ಸಲಾಮ್ ಹೇಳದೆ ಒಳಗೆ ಹೋಗಬಾರದೆಂದು ಹೇಳಿದ್ದಾನೆ, ತಾವು ಅದನ್ನೂ ಮಾಡಲಿಲ್ಲ. ಆತ ಇನ್ನು ಒಳ್ಳೆಯ ದಾರಿಯಲ್ಲಿ ನಡೆಯುವೆನೆಂದು ಮಾತು ಕೊಟ್ಟ ಮೇಲೆ ಹ. ಉಮರ್(ರ) ಅವನನ್ನು ಕ್ಷಮಿಸಿ ಹೊರಟುಹೋದರು. ಮದ್ಯ ತಪ್ಪಲ್ಲವೆಂದು ಅವರು ಹೇಳಲಿಲ್ಲ. ತಾವು ಬಂದ ದಾರಿ ತಪ್ಪೆಂಬುದನ್ನು ಒಪ್ಪಿಕೊಂಡರು.

ಇಲ್ಲಿ ನೀವು ಆಕ್ಷೇಪಿಸಬಹುದು. ಅದು ಆಡಳಿತಗಾರ ಮತ್ತು ಪ್ರಜೆಯ ನಡುವಿನ ಮಾತು. ತಂದೆ ಮಗನ ನಡುವೆ ಎಂತಹ ಗುಟ್ಟು? ಮೊಬೈಲ್ ಕೊಡಿಸಿದವನು ನಾನು, ರೀಚಾರ್ಜ್ ಮಾಡಿಸುವವನು ನಾನು, ನೋಡುವ ಹಕ್ಕು ನನಗಿಲ್ಲವೇ?

ಆಕ್ಷೇಪದಲ್ಲಿ ಹುರುಳಿದೆ. ಮಗು ನಮ್ಮ ರಕ್ಷಣೆಯಲ್ಲಿದೆ. ಮಿತಿ ಹೇರುವ, ಕೇಳುವ, ತೆರೆದು ತೋರಿಸೆನ್ನುವ, ಬೇಕಾದರೆ ಹಿಂದಕ್ಕೆ ಪಡೆಯುವ ಅಧಿಕಾರ ತಂದೆತಾಯಿಗಳಿಗೆ ಇದ್ದೇ ಇದೆ. ಆದರೆ ಇವೆಲ್ಲವೂ ಬಾಗಿಲಿನಿಂದ ಬರುವ ರೀತಿಗಳು. ಮಗನಿಗೆ ತಿಳಿಯದಂತೆ ಅವನ ಮಾತುಗಳನ್ನು ಓದುವುದು ಗೋಡೆ ಹತ್ತುವುದು. ಅಧಿಕಾರವಿದ್ದ ಹ. ಉಮರ್(ರ)ರಿಗೇ ಅದು ಸಲ್ಲಲಿಲ್ಲ.

ಮಗುವಿಗೂ ಗುಟ್ಟು ಇರಬಹುದೇ? ಹ. ಅನಸ್(ರ) ಹತ್ತು ವರ್ಷದ ಬಾಲಕರಾಗಿದ್ದಾಗ ಪ್ರವಾದಿ(ಸ)ಯವರ ಸೇವೆಗೆ ಸೇರಿದವರು. ಆ ಎಳೆಯ ದಿನಗಳಲ್ಲಿ ಒಮ್ಮೆ ಪ್ರವಾದಿ(ಸ)ಯವರು ಅವರನ್ನು ಒಂದು ಕೆಲಸಕ್ಕೆ ಕಳುಹಿಸಿದರು. ಮನೆಗೆ ಬರಲು ತಡವಾಯಿತು. ತಾಯಿ ಕಾರಣ ಕೇಳಿದರು. ಅದು ಗುಟ್ಟಿನ ವಿಷಯ ಎಂದು ಬಾಲಕ ಉತ್ತರಿಸಿದ. ತಾಯಿ ಒತ್ತಾಯಿಸಲಿಲ್ಲ, ಪ್ರವಾದಿಯವರ ಗುಟ್ಟನ್ನು ಯಾರಿಗೂ ಹೇಳಬೇಡವೆಂದು ಅವರೇ ಮಗನಿಗೆ ತಾಕೀತು ಮಾಡಿದರು. ಸಹೀಹ್ ಮುಸ್ಲಿಮಿನಲ್ಲಿರುವ ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ಆ ತಾಯಿ ಮಗನಲ್ಲಿ ವಿಶ್ವಾಸವಿಟ್ಟು ಮಗನನ್ನು ವಿಶ್ವಾಸಾರ್ಹನನ್ನಾಗಿ ಮಾಡಿದರೆಂಬುದು ನನಗೆ ಹೊಳೆದದ್ದು ಮಾತ್ರ ಆ ಹುಡುಗನ ಪ್ರಶ್ನೆಯ ಬಳಿಕ. ಜನರ ಗುಟ್ಟುಗಳ ಬೆನ್ನು ಹತ್ತಿದರೆ ನೀನು ಅವರನ್ನು ಕೆಡಿಸಿಬಿಡುವೆ ಎಂಬರ್ಥದ ಎಚ್ಚರಿಕೆಯನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ನಂಬಿಕೆ ಕಳೆದುಕೊಂಡ ಮಗ ಸುಧಾರಿಸುವುದಿಲ್ಲ. ಹೆಚ್ಚು ಜಾಣತನದಿಂದ ಅಡಗಿಸುವುದನ್ನು ಕಲಿಯುತ್ತಾನೆ.

ಈಗ ಆ್ಯಪ್‌ಗಳ ವಿಷಯಕ್ಕೆ ಬರೋಣ. ಎಲ್ಲ ಆ್ಯಪ್‌ಗಳೂ ಒಂದೇ ಅಲ್ಲ. ಗೂಗಲ್ ಕಂಪೆನಿಯ ‘ಫ್ಯಾಮಿಲಿ ಲಿಂಕ್’ 2017ರಲ್ಲಿ ಬಂತು. ಆ್ಯಪಲ್ ಫೋನುಗಳಲ್ಲಿ ‘ಸ್ಕ್ರೀನ್ ಟೈಮ್’ 2018ರಲ್ಲಿ ಬಂತು. ಇವುಗಳ ಮೂಲಕ ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್, ಯಾವ ಹೊಸ ಆ್ಯಪ್‌ಗೆ ಅನುಮತಿ ಎಂಬುದನ್ನು ಹೆತ್ತವರು ನಿಗದಿಪಡಿಸಬಹುದು. ಫ್ಯಾಮಿಲಿ ಲಿಂಕ್ ಹಾಕಿರುವುದು ಮಗುವಿಗೆ ತಿಳಿದಿರುತ್ತದೆ. ಮಗು ಬರೆದ ಸಂದೇಶಗಳನ್ನು ಅದು ಹೆತ್ತವರಿಗೆ ಓದಿಸುವುದಿಲ್ಲ. ಇದು ಹೊಲಕ್ಕೆ ಬೇಲಿ ಹಾಕಿದಂತೆ. ಬೇಲಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಬಗೆಯ ಆ್ಯಪ್‌ಗಳು ಅಡಗಿ ಕುಳಿತು ಎಲ್ಲವನ್ನೂ ಕದ್ದು ಕಳುಹಿಸುತ್ತವೆ. ನಾನು ಹಾಕಿಕೊಟ್ಟದ್ದು ಅಂತಹದನ್ನು. ಅದರಲ್ಲಿ ಇನ್ನೊಂದು ಅಪಾಯವೂ ಇದೆ. ಮಗನ ಮಾತು, ಚಿತ್ರ, ಅವನಿರುವ ಜಾಗ ಮೊದಲು ಹೋಗುವುದು ಯಾರೆಂದೇ ತಿಳಿಯದ ಕಂಪೆನಿಯ ಕೈಗೆ, ಆಮೇಲೆ ತಂದೆಯ ಕೈಗೆ. 18 ವರ್ಷ ತುಂಬದವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮಗನನ್ನು ಕಾಯಲೆಂದು ಹೊರಟ ನಾವೇ ಆ ಮಾಹಿತಿಯನ್ನು ಬೀದಿಗೆ ಚೆಲ್ಲಿದರೆ ಯಾವ ಕಾಯ್ದೆ ಕಾಪಾಡೀತು?

ಬೇಲಿ ಒಳ್ಳೆಯದೇ. ಆದರೆ ಅದರ ಶಕ್ತಿ ಎಷ್ಟೆಂಬುದನ್ನೂ ತಿಳಿದಿರಬೇಕು. ಮನೆಯ ಮೊಬೈಲಿಗೆ ಬೀಗ ಬಿದ್ದರೆ ಪಕ್ಕದ ಮನೆಯ ಗೆಳೆಯನ ಮೊಬೈಲ್ ಇದೆ. ಅಮ್ಮಿಯ ಫೋನಿನ ಗುಪ್ತಸಂಖ್ಯೆಯನ್ನು ಬೆರಳಿನ ಚಲನೆ ನೋಡಿಯೇ ಕಲಿಯುವ ಮಕ್ಕಳಿದ್ದಾರೆ. ಆ್ಯಪ್ ಒಂದು ಮೊಬೈಲನ್ನು ಕಾಯಬಲ್ಲದು, ಮಗುವನ್ನಲ್ಲ. ಮಗುವನ್ನು ಕೊನೆಯವರೆಗೂ ಕಾಯುವುದು ಅದರ ಎದೆಯೊಳಗಿನ ಅರಿವು ಮಾತ್ರ. ಹ. ಲುಕ್ಮಾನರು(ಅ) ಮಗನಿಗೆ ಬೋಧಿಸುವಾಗ, ಸಾಸಿವೆ ಕಾಳಿನಷ್ಟು ಕರ್ಮವು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದು ತಿಳಿಸಿದರು. ಅದಕ್ಕೂ ಮುನ್ನ ಅವರು ಅವನನ್ನು ‘ಮಗುವೇ’ ಎಂದು ಅಕ್ಕರೆಯಿಂದ ಕರೆದಿದ್ದರು ಎಂಬುದನ್ನು ಮರೆಯಬಾರದು. ಹಾಲಿಗೆ ನೀರು ಬೆರೆಸೆಂದ ತಾಯಿಗೆ, ಉಮರ್ ಕಾಣದಿದ್ದರೂ ಉಮರರ ಪ್ರಭು ಕಾಣುತ್ತಾನಲ್ಲವೇ ಎಂದು ಕೇಳಿದ ಹುಡುಗಿಯ ಕಥೆ ನಮಗೆಲ್ಲ ಗೊತ್ತು. ಖಲೀಫರ ಗಸ್ತು ತಲುಪದಲ್ಲಿಗೆ ಆ ಅರಿವು ತಲುಪಿತ್ತು. ಇದನ್ನೇ ನಾವು ತಕ್ವಾ ಎನ್ನುತ್ತೇವೆ.

ಮಗನ ಮನಸ್ಸಿನಲ್ಲಿ “ಅಬ್ಬಾ ಎಲ್ಲಿಂದಲೋ ನೋಡುತ್ತಿರಬಹುದು” ಎಂಬ ಭಯವನ್ನು ಕೂರಿಸಿದರೆ, ಅಲ್ಲಾಹನ ಅರಿವು ಇರಬೇಕಾದ ಜಾಗದಲ್ಲಿ ನಾವು ಒಂದು ಆ್ಯಪನ್ನು ಕೂರಿಸಿದಂತಾಗುತ್ತದೆ. ಆ್ಯಪ್ ತೆಗೆದ ದಿನ ಆ ಜಾಗ ಬರಿದಾಗುತ್ತದೆ. ಪ್ರಾಯಕ್ಕೆ ಬಂದ ಮಗ ತನ್ನ ಕರ್ಮಗಳಿಗೆ ಅಲ್ಲಾಹನ ಮುಂದೆ ತಾನೇ ಉತ್ತರ ಕೊಡಬೇಕಾದವನು. ಆ ಹೊಣೆ ಹೊರಲು ಅವನನ್ನು ಸಿದ್ಧಗೊಳಿಸುವುದೇ ನಮ್ಮ ಕೆಲಸ. ಏಳನೇ ವರ್ಷದಲ್ಲಿ ನಮಾಝ್ ಕಲಿಸಿ, ಹತ್ತರಲ್ಲಿ ಬಿಗಿಗೊಳಿಸಿ, ಮುಂದೆ ಅವನಿಗೇ ಒಪ್ಪಿಸುವ ಕ್ರಮ ನಮ್ಮಲ್ಲಿದೆ. ಮೊಬೈಲಿನ ಮಿತಿಗೂ ವಯಸ್ಸಿಗೆ ತಕ್ಕ ಇಂತಹ ಕ್ರಮ ಬೇಕು. ಐದು ವರ್ಷದವನಿಗೆ ಪೂರ್ಣ ಕಾವಲು, ಹತ್ತು ವರ್ಷದವನಿಗೆ ಬೇಲಿ, ಹದಿನೈದರವನಿಗೆ ಮಾತುಕತೆಯ ಒಪ್ಪಂದ.

ನಮ್ಮ ಇಳಕಲ್ಲಿನದೇ ಒಂದು ಉದಾಹರಣೆ ಹೇಳುತ್ತೇನೆ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, ಹಣವನ್ನಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿರೆಂದು ಬೇಡಿದವರು. 2018ರಲ್ಲಿ ಅವರು ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ನಮ್ಮ ಧರ್ಮ ಬೇರೆಯಿರಬಹುದು, ಆದರೆ ಒಳಿತು ಕಂಡಲ್ಲಿ ಒಪ್ಪಿಕೊಳ್ಳಬೇಕಾದದ್ದು ವಿಶ್ವಾಸಿಯ ಲಕ್ಷಣ. ಅವರು ಯಾರ ಕೈಯಿಂದಲೂ ಬಾಟಲಿ ಕಸಿದುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದರು. ಚಟ ಬಿಡುವವನು ತನ್ನ ಕೈಯಾರೆ ಜೋಳಿಗೆಗೆ ಹಾಕಬೇಕಿತ್ತು. ಕೈಯಾರೆ ಬಿಟ್ಟದ್ದಕ್ಕೂ ಕಸಿದುಕೊಂಡದ್ದಕ್ಕೂ ಇರುವ ಅಂತರ ಇದೇ.

ಇನ್ನು ಕಹಿಯಾದ ಒಂದು ಮಾತು. ಮಗನಿಗೆ ಬೀಗ ಹಾಕುವ ತಂದೆಯ ಮೊಬೈಲಿಗೆ ಬೀಗ ಹಾಕುವವರು ಯಾರು? ಊಟದ ಸುಪ್ರದ ಮುಂದೆ ಕುಳಿತು ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದವರು ನಾವಲ್ಲವೇ? ಒಬ್ಬ ತಾಯಿ ತನ್ನ ಪುಟ್ಟ ಮಗನನ್ನು ಏನೋ ಕೊಡುವೆನೆಂದು ಕರೆದಾಗ, ಏನು ಕೊಡಲಿರುವೆ ಎಂದು ಪ್ರವಾದಿ(ಸ)ಯವರು ವಿಚಾರಿಸಿದರು. ಖರ್ಜೂರ ಎಂದಳು ಆಕೆ. ಏನನ್ನೂ ಕೊಡದಿರುತ್ತಿದ್ದರೆ ಅದು ನಿನ್ನ ಲೆಕ್ಕದಲ್ಲಿ ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಅವರು ತಿಳಿಸಿದರು. ಮಗುವಿನೆದುರು ಒಂದು ಖರ್ಜೂರದಷ್ಟು ಸುಳ್ಳಿಗೂ ಲೆಕ್ಕವಿದೆ. “ಮೊಬೈಲ್ ಕೆಟ್ಟದ್ದು” ಎಂದು ಹೇಳುತ್ತಾ ಮೊಬೈಲಿನಲ್ಲೇ ಮುಳುಗಿರುವ ನಮ್ಮ ಲೆಕ್ಕ ಏನಾದೀತು?

ಇದಕ್ಕೆ ಉತ್ತರವನ್ನು ನೆರೆಯ ಮಹಾರಾಷ್ಟ್ರದ ಒಂದು ಹಳ್ಳಿ ತೋರಿಸಿದೆ. ಸಾಂಗಲಿ ಜಿಲ್ಲೆಯ ಮೊಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್ 15ರಿಂದ ಸಂಜೆ 7 ಗಂಟೆಗೆ ಸೈರನ್ ಮೊಳಗಿಸಲಾರಂಭಿಸಿದರು. ಅದು ಕೇಳಿದೊಡನೆ ಮನೆಗಳಲ್ಲಿ ಟಿವಿ-ಮೊಬೈಲ್ ಬಂದ್. ಎಂಟೂವರೆಗೆ ಮತ್ತೊಂದು ಸೈರನ್. ನಡುವಿನ ಒಂದೂವರೆ ಗಂಟೆ ಮಕ್ಕಳ ಓದು, ಮನೆಮಂದಿಯ ಮಾತು. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಸಮೀಪದ ಹಲಗಾ ಗ್ರಾಮವೂ ಇಂತಹ ಕ್ರಮವನ್ನು ಕೈಗೊಂಡಿತು. ಇಲ್ಲಿ ಕದ್ದು ನೋಡುವವರಿಲ್ಲ. ಸೈರನ್ ಊರಿಗೆಲ್ಲ ಕೇಳುತ್ತದೆ. ಮಗನಿಗೆ ಹೇಗೋ ತಂದೆಗೂ ಹಾಗೆಯೇ. ನಮಗಂತೂ ಸೈರನಿನ ಅಗತ್ಯವೂ ಇಲ್ಲ. ಮಗ್ರಿಬಿನ ಅಝಾನ್ ಪ್ರತಿದಿನ ಕೇಳುತ್ತದೆ. ಮಗ್ರಿಬಿನಿಂದ ಇಶಾದವರೆಗೆ ಮನೆಯ ಎಲ್ಲ ಮೊಬೈಲುಗಳನ್ನೂ ಒಂದೆಡೆ ಇಟ್ಟುಬಿಡಲು ನಮ್ಮನ್ನು ತಡೆಯುವವರು ಯಾರು?

ಆ ನೇಕಾರರ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ಹುಡುಗನ ಪ್ರಶ್ನೆಯ ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ತಂದೆಯ ಎದುರಿನಲ್ಲೇ ಆ ಆ್ಯಪನ್ನು ತೆಗೆದುಹಾಕಿ ಹುಡುಗನಲ್ಲಿ ಕ್ಷಮೆ ಕೇಳಿದೆ. ಒಬ್ಬ ಹಜರತ್ ಶಿಷ್ಯನ ಕ್ಷಮೆ ಕೇಳುವುದೇ ಎಂದು ನಫ್ಸ್ ತಡೆಯಿತು, ಸುಳ್ಳು ಹೇಳಲಾರೆ. ಆದರೆ ತಪ್ಪು ನನ್ನದಾಗಿತ್ತು. ತಂದೆ ಬಹಳ ಹೊತ್ತು ಮಗ್ಗದ ಬಳಿ ಸುಮ್ಮನೆ ಕುಳಿತಿದ್ದರು. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಇಳಕಲ್ ಸೀರೆಯ ಕಸುಬು. ಅವರು ಮಗನಿಗೆ ಹೇಳಿದ್ದು ಇಷ್ಟೇ: “ಎಳೆ ಹರಿದಿದೆ ಬೇಟಾ, ನಾನೇ ಹರಿದೆ. ಮತ್ತೆ ಜೋಡಿಸೋಣ.”

ಅಂದು ಮೂವರೂ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಒಂದೂವರೆ ಗಂಟೆ. ಅದಕ್ಕೆ ಬೇಲಿಯ ಆ್ಯಪ್, ಹುಡುಗನ ಕಣ್ಣೆದುರೇ ಹಾಕಿದ್ದು. ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲರ ಮೊಬೈಲೂ ಮಗ್ಗದ ಪಕ್ಕದ ಗೂಡಿಗೆ, ಅಬ್ಬಾನದು ಮೊದಲು. ಸಾಲದ ವಿಷಯವನ್ನು ತಂದೆ ಮಗನ ಮುಂದೆ ಬಿಚ್ಚಿಟ್ಟರು. ಎಷ್ಟಿದೆ, ಹೇಗೆ ತೀರುತ್ತದೆ ಎಂದು ಲೆಕ್ಕ ಹೇಳಿದರು. ಶಾಲೆ ಬಿಡುವ ಮಾತು ಅಲ್ಲಿಗೇ ನಿಂತಿತು.

ಎಲ್ಲವೂ ಸುಗಮವಾಯಿತೆಂದು ನಾನು ಹೇಳುವುದಿಲ್ಲ. ಆರು ತಿಂಗಳ ಬಳಿಕ ಆತ ಗೆಳೆಯನ ಮನೆಯಲ್ಲಿ ರಾತ್ರಿಯೆಲ್ಲ ಆಟವಾಡಿ ಒಪ್ಪಂದ ಮುರಿದ. ಆದರೆ ಅದನ್ನು ತಂದೆಗೆ ತಿಳಿಸಿದ್ದು ಯಾವ ಆ್ಯಪೂ ಅಲ್ಲ. ಮರುದಿನ ಬೆಳಿಗ್ಗೆ ಆತನೇ ಬಂದು ಹೇಳಿದ.

ವಾಚಕರೇ, ಮಗುವಿನ ಮೊಬೈಲಿಗೆ ಏನನ್ನಾದರೂ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ನಿಮ್ಮನ್ನೇ ಕೇಳಿಕೊಳ್ಳಿರಿ. ಇದನ್ನು ಹಾಕಿರುವುದು ಮಗುವಿಗೆ ತಿಳಿದಿದೆಯೇ? ಅದರ ವಯಸ್ಸು ಏರಿದಂತೆ ಇದು ಸಡಿಲವಾಗಲಿದೆಯೇ? ಈ ನಿಯಮ ನನಗೂ ಅನ್ವಯಿಸುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಕಾವಲು, ಕುರಿಗಾಹಿಯ ಹೊಣೆ. ಮೊದಲನೆಯದಕ್ಕೇ ಇಲ್ಲವೆಂಬ ಉತ್ತರ ಬಂದರೆ ಕೈ ಹಿಂದೆಗೆಯಿರಿ. ಗೋಡೆ ಹತ್ತಬೇಡಿರಿ, ಬಾಗಿಲು ತಟ್ಟಿರಿ.

ಆ ಹುಡುಗನ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟೇ: ಅಲ್ಲಾಹನು ನೋಡುತ್ತಿದ್ದಾನೆಂಬ ಪಾಠವನ್ನು ನಿನಗೆ ಕಲಿಸಿದ್ದೆ, ನಾನೇ ಅದನ್ನು ಮರೆತಿದ್ದೆ. ನಮ್ಮ ಮಕ್ಕಳನ್ನು ಪ್ರೀತಿಯಿಂದ ಕಾಯುವ ವಿವೇಕವನ್ನೂ, ತಪ್ಪಿದಾಗ ಅವರ ಮುಂದೆಯೂ ಒಪ್ಪಿಕೊಳ್ಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.